ಕೊನೆಗಾಲದವರನ್ನು ನೋಡಿಕೊಳ್ಳುವವರ ಹಕ್ಕೊತ್ತಾಯ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳು ಮತ್ತು ಜಿಲ್ಲಾ ಆರೋಗ್ಯಾಧಿಕಾರಿಗಳು, ಚಿತ್ರದುರ್ಗ, ಇವರಿಗೆ

“ಇನ್ನೇನೂ ಮಾಡೋಕಾಗಲ್ಲ, ಮನೆಗೆ ಕರ್ಕೊಂಡು ಹೋಗಿ” ಎಂದು ದೊಡ್ಡಾಸ್ಪತ್ರೆಯವರು ಕೈಚೆಲ್ಲಿದ ಮೇಲೆ ರೋಗಿ ಮನೆಯಲ್ಲಿ ಒಬ್ಬರ ಪಾಲಿಗೆ ಬರುತ್ತಾರೆ. ಹೆಂಡತಿ, ಸೊಸೆ, ಇಲ್ಲವೇ ಮಗಳು. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ತಾಲ್ಲೂಕುಗಳ ಅಂಥವರು ನಾವು. ನಮ್ಮ ಬೇಡಿಕೆಗಳು:

1. ನಾಲ್ಕೂ ತಾಲ್ಲೂಕಿನ ಸರ್ಕಾರಿ ಆಸ್ಪತ್ರೆಗಳಲ್ಲಿ ಮಾರ್ಫಿನ್ ಮಾತ್ರೆ ಸಿಗಬೇಕು. 2014ರಲ್ಲೇ ಮಾದಕವಸ್ತು ಕಾಯ್ದೆಗೆ ತಿದ್ದುಪಡಿಯಾಗಿ ದಾರಿ ಸಲೀಸಾಗಿದೆ. ಮಾತ್ರೆಗೆಂದು ನಾವು 200 ಕಿ.ಮೀ. ದೂರದ ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಗೆ ಬಸ್ಸು ಹತ್ತಿದರೆ, ಮನೆಯಲ್ಲಿ ನರಳುವವರ ಹತ್ತಿರ ಯಾರಿರಬೇಕು?

2. ವಾರಕ್ಕೊಮ್ಮೆ ನರ್ಸ್ ಮನೆಗೆ ಬರಲಿ. ಬೆನ್ನುಹುಣ್ಣು ತೊಳೆಯುವುದು, ಮೂಗಿನ ಪೈಪಿನಲ್ಲಿ ಗಂಜಿ ಬಿಡುವುದು, ಯಾವುದನ್ನೂ ನಮಗೆ ಯಾರೂ ಕಲಿಸಿಲ್ಲ. ಗಂಜಿ ಬಿಡುವಾಗ ಕೆಮ್ಮು ಬಂದು ಉಸಿರು ಕಟ್ಟಿದರೆ “ನಾನೇ ಕೊಂದೆನೇನೋ” ಎಂದು ಕೈ ನಡುಗುತ್ತದೆ. ಕೇರಳ 2008ರಲ್ಲೇ ಉಪಶಮನ ಆರೈಕೆ ನೀತಿ ತಂದು ಪಂಚಾಯಿತಿಗಳ ಮೂಲಕ ಮನೆಗಳಿಗೆ ನರ್ಸ್‌ಗಳನ್ನು ಕಳಿಸುತ್ತಿದೆ.

3. ನಮ್ಮ ಮನಸ್ಸನ್ನೂ ವಿಚಾರಿಸಿ. ಹಗಲಿಡೀ ಎತ್ತಿ ಇಳಿಸಿ, ಮಲಮೂತ್ರ ಬಳಿದು, ನಡುರಾತ್ರಿ ಮತ್ತೆ ಕೂಗು ಕೇಳಿದಾಗ “ದೇವರೇ, ಬೇಗ ಕರ್ಕೋಬಾರ್ದಾ” ಅಂದುಕೊಳ್ಳುತ್ತೇವೆ. ಮರುಗಳಿಗೆಗೇ ಪಾಪ ಮಾಡಿದೆವೆಂಬ ಸಂಕಟ. ಇದನ್ನು ಯಾರಿಗೆ ಹೇಳುವುದು? ನೆಂಟರಿಗಂತೂ ಅಲ್ಲ, ಬಾಳೆಹಣ್ಣು ಇಟ್ಟು, “ಇನ್ನೊಂಚೂರು ಚೆನ್ನಾಗಿ ನೋಡ್ಕೋಬಹುದಿತ್ತು” ಎಂದು ಎದ್ದುಹೋಗುವವರು ಅವರು. ಟೆಲಿ ಮಾನಸ್ ಸಹಾಯವಾಣಿ 14416 ಇದೆ, ಒಳ್ಳೆಯದೇ. ಆದರೆ ಒಂದೇ ಕೋಣೆಯ ಮನೆಯಲ್ಲಿ, ಎಲ್ಲ ಕೇಳಿಸಿಕೊಳ್ಳುವ ರೋಗಿಯ ಪಕ್ಕ ಕೂತು ಫೋನಿನಲ್ಲಿ ಏನೆಂದು ಹೇಳೋಣ? ಮನೋಚೈತನ್ಯ ಕಾರ್ಯಕ್ರಮದ ಮಂಗಳವಾರದ ಮಾನಸಿಕ ಆರೋಗ್ಯ ಕ್ಲಿನಿಕ್‌ಗಳಲ್ಲಿ ನಮ್ಮ ಹೆಸರಿಗೂ ಚೀಟಿ ಮಾಡಿಸಿ. ಮನೆಗೆ ಬಂದ ನರ್ಸ್ ಹೊರಡುವ ಮುನ್ನ ನಮ್ಮನ್ನು ಜಗಲಿಗೆ ಕರೆದು ಹತ್ತು ನಿಮಿಷ ಮಾತಾಡಿಸಲಿ.

4. ಜಿಲ್ಲಾಸ್ಪತ್ರೆಯಲ್ಲಿ ಕೊನೆಗಾಲದವರಿಗೆಂದೇ ಹಾಸಿಗೆಗಳಿರಲಿ. ತಿಂಗಳಿಗೆ ಮೂರು ದಿನ ಸೇರಿಸಿಕೊಂಡರೆ ಸಾಕು, ನಾವು ನಿದ್ದೆ ಮಾಡುತ್ತೇವೆ. ಬೆಂಗಳೂರಿನಲ್ಲಿ ಕರುಣಾಶ್ರಯ ಇಂಥ ರೋಗಿಗಳನ್ನು ಉಚಿತವಾಗಿ ನೋಡಿಕೊಳ್ಳುತ್ತಿರುವಾಗ, ಜಿಲ್ಲೆಯಲ್ಲಿ ಸರ್ಕಾರಕ್ಕೆ ಯಾಕಾಗದು?

5. 2024-25ರ ರಾಜ್ಯ ಬಜೆಟ್ ಪಾರ್ಕಿನ್ಸನ್ಸ್‌ನಂಥ ಕೆಲವು ಕಾಯಿಲೆಯವರ ಆರೈಕೆದಾರರಿಗೆ ತಿಂಗಳಿಗೆ 1,000 ರೂಪಾಯಿ ಘೋಷಿಸಿತು. ಕ್ಯಾನ್ಸರ್‌ನವರನ್ನೂ ಲಕ್ವ ಹೊಡೆದು ಮಲಗಿದವರನ್ನೂ ನೋಡಿಕೊಳ್ಳುವವರನ್ನು ಅದಕ್ಕೆ ಸೇರಿಸಿ. ಅಡಿಕೆ ಸುಲಿಯುವ ಕೂಲಿ ಬಿಟ್ಟು ಕೂತಿದ್ದೇವೆ.

6. ತಿಥಿ ಮುಗಿದ ಮೇಲೂ ಆಶಾ ಕಾರ್ಯಕರ್ತೆ ಒಮ್ಮೆ ಬಂದು ನೋಡಲಿ. ಅವರಿಗೆ ಅದರ ಭತ್ಯೆ ಬೇರೆ ಕೊಡಿ, ಪುಕ್ಕಟೆ ಕಳಿಸಬೇಡಿ.

7. ತಿಂಗಳೊಳಗೆ ಲಿಖಿತ ಉತ್ತರ ಬೇಕು. ಸಭೆಗೆ ಕರೆಯುವುದಾದರೆ ಎರಡು ದಿನ ಮುಂಚೆ ತಿಳಿಸಿ. ಮನೆಯಲ್ಲಿ ಯಾರನ್ನಾದರೂ ಕೂರಿಸಿ ಬರಬೇಕು.