ಪ್ರತಿರೋಧದ ಕಥನ ಮತ್ತು ಅದರ ಮೌನ

ಜರ್ಮನ್ ಸೈನ್ಯವು 1943ರ ಸೆಪ್ಟೆಂಬರಿನಿಂದ 1944ರ ಜೂನ್‌ವರೆಗೆ ರೋಮ್ ನಗರವನ್ನು ಆಕ್ರಮಿಸಿಕೊಂಡಿತ್ತು. ಆ ಗಾಯ ಮಾಯುವ ಮೊದಲೇ, 1945ರಲ್ಲಿ, ರೊಸ್ಸೆಲಿನಿ ‘ರೋಮ್, ಓಪನ್ ಸಿಟಿ’ ಚಿತ್ರವನ್ನು ನಿರ್ದೇಶಿಸಿದನು. ಪಾದ್ರಿ ದಾನ್ ಪಿಯೆತ್ರೊ ಹಾಗೂ ಕಮ್ಯುನಿಸ್ಟ್ ನಾಯಕ ಮಾನ್‌ಫ್ರೆದಿ ಅದರಲ್ಲಿ ಒಂದೇ ಧ್ಯೇಯಕ್ಕಾಗಿ ಪ್ರಾಣ ತೆರುತ್ತಾರೆ. ಈ ಕೃತಿಯು ಹೈದರಾಬಾದ್ ಕರ್ನಾಟಕದ ವಿಮೋಚನೆಯ ಕಥನಕ್ಕೆ ಆದರ್ಶವೂ ಹೌದು, ಎಚ್ಚರಿಕೆಯೂ ಹೌದು ಎಂಬುದು ನನ್ನ ಅಭಿಪ್ರಾಯ.

ನಿಜಾಮನ ಆಡಳಿತವು ಪರದೇಶದ ಸೈನ್ಯದ ಆಕ್ರಮಣವಾಗಿರಲಿಲ್ಲವಾದ್ದರಿಂದ ಈ ಹೋಲಿಕೆಗೆ ಮಿತಿಯುಂಟು. ಆದರೂ 1947–48ರಲ್ಲಿ ಬೀದರ್, ಗುಲ್ಬರ್ಗಾ, ರಾಯಚೂರು ಜಿಲ್ಲೆಗಳ ಜನ ರಜಾಕಾರರ ಭಯದಲ್ಲಿ ಬದುಕಿದರು. 1948ರ ಮೇ ತಿಂಗಳಲ್ಲಿ ಬೀದರ್ ಜಿಲ್ಲೆಯ ಗೋರಟಾದಲ್ಲಿ ಹತ್ಯಾಕಾಂಡವೇ ನಡೆಯಿತು. ಸಂನ್ಯಾಸಿಯಾದ ಸ್ವಾಮಿ ರಾಮಾನಂದ ತೀರ್ಥರು ಸ್ಟೇಟ್ ಕಾಂಗ್ರೆಸ್ಸನ್ನು ಮುನ್ನಡೆಸಿದರು. ಅಳವಂಡಿ ಶಿವಮೂರ್ತಿ ಸ್ವಾಮಿಗಳು ಗಡಿಯಾಚೆಯ ಮುಂಡರಗಿ ಶಿಬಿರದಿಂದ ಹೋರಾಟ ನಡೆಸಿದರು. ಭಾರತದೊಡನೆ ವಿಲೀನವನ್ನು ಬೆಂಬಲಿಸಿ ಬರೆಯುತ್ತಿದ್ದ ಉರ್ದು ಪತ್ರಿಕೆ ‘ಇಮ್ರೋಜ್’ನ ಸಂಪಾದಕ ಶೋಯೆಬುಲ್ಲಾ ಖಾನ್ 1948ರ ಆಗಸ್ಟ್‌ನಲ್ಲಿ ಹೈದರಾಬಾದಿನಲ್ಲಿ ಕೊಲೆಯಾದರು. ಇವರೆಲ್ಲರನ್ನೂ ಒಂದೇ ಪಂಕ್ತಿಯಲ್ಲಿ ನಿಲ್ಲಿಸುವ ಧೈರ್ಯವನ್ನು ರೊಸ್ಸೆಲಿನಿಯಿಂದ ಕಲಿಯಬೇಕು.

ಎಚ್ಚರಿಕೆ ಇರುವುದು ಚಿತ್ರದ ಕೊನೆಯಲ್ಲಿ. ಪಾದ್ರಿಯ ಮೇಲೆ ಇಟಲಿಯ ಸೈನಿಕರು ಹಾರಿಸಿದ ಗುಂಡುಗಳು ಬೇಕೆಂದೇ ಗುರಿ ತಪ್ಪುತ್ತವೆ. ಕೊಲ್ಲುವವನು ಜರ್ಮನ್ ಅಧಿಕಾರಿ. ಎರಡು ದಶಕಗಳ ಕಾಲ ಫ್ಯಾಸಿಸಂ ಆಳಿದ ನಾಡಿನ ಸ್ವಂತ ಹೊಣೆ ಇಲ್ಲಿ ಹಗುರವಾಗಿಬಿಡುತ್ತದೆ. ನಮ್ಮ ಕಥನಗಳೂ ಹಲವು ಬಾರಿ 1948ರ ಸೆಪ್ಟೆಂಬರ್ 17ಕ್ಕೇ ಮುಕ್ತಾಯವಾಗುತ್ತವೆ. ಪೊಲೀಸ್ ಕಾರ್ಯಾಚರಣೆಯ ಸಂದರ್ಭದಲ್ಲಿಯೂ ಅದರ ಅನಂತರವೂ 27,000ದಿಂದ 40,000 ಜನ ಸತ್ತಿರಬೇಕೆಂದು ಕೇಂದ್ರ ಸರ್ಕಾರವೇ ಕಳುಹಿಸಿದ್ದ ಸುಂದರಲಾಲ್ ಸಮಿತಿ ಅಂದಾಜಿಸಿತು. ಹತರಾದವರಲ್ಲಿ ಬಹುಪಾಲು ಮುಸ್ಲಿಮರು. ಅತಿ ಹೆಚ್ಚು ನೊಂದ ಜಿಲ್ಲೆಗಳಲ್ಲಿ ಗುಲ್ಬರ್ಗಾ, ಬೀದರ್ ಸೇರಿವೆ. ಆ ವರದಿ ದಶಕಗಳ ಕಾಲ ಪ್ರಕಟವಾಗಲಿಲ್ಲ.

ಗೋರಟಾವನ್ನು ಹೇಳಿ ಇದನ್ನು ಮುಚ್ಚುವುದಾಗಲಿ, ಇದನ್ನು ಹೇಳಿ ಗೋರಟಾವನ್ನು ಮರೆಯುವುದಾಗಲಿ ಚರಿತ್ರೆಯಲ್ಲ. ಹೈದರಾಬಾದಿನ ಬಾಲಾನಗರದಂತಹ ಕೈಗಾರಿಕಾ ಬಡಾವಣೆಯಲ್ಲಿ ಕನ್ನಡದ ಹುಡುಗನು ತೆಲುಗು, ಉರ್ದು ಆಡುವ ಗೆಳೆಯರ ನಡುವೆ ಬೆಳೆಯುತ್ತಾನೆ. ಆ ಗೆಳೆಯರ ಎದುರಿನಲ್ಲಿ ತಗ್ಗಿದ ದನಿಯಲ್ಲಿ ಹೇಳಬೇಕಾದ ವಿಮೋಚನೆಯ ಕಥೆ ಅಪೂರ್ಣವೇ ಸರಿ. ಕನ್ನಡ ವಿಭಾಗಗಳು ಎರಡೂ ಕಡೆಯ ನೆನಪುಗಳನ್ನು ಹಳ್ಳಿಹಳ್ಳಿಗೆ ಹೋಗಿ ಸಂಗ್ರಹಿಸಿ ಒಂದೇ ಸಂಪುಟದಲ್ಲಿ ಪ್ರಕಟಿಸಬೇಕು. ಕಂಡವರು ಬೆರಳೆಣಿಕೆಯಷ್ಟೇ ಉಳಿದಿರುವಾಗ ಈ ಕಾರ್ಯವನ್ನು ಮುಂದೂಡುವುದು ಅದನ್ನು ಕೈಬಿಟ್ಟಂತೆಯೇ.