ಬಲಕ್ಕೆ ಬಗ್ಗದ ಪ್ಲಗ್

ಡೀಸೆಲ್ ಲಾರಿಯ ಎಂಜಿನ್ನಿನಲ್ಲಿ ಸ್ಪಾರ್ಕ್ ಪ್ಲಗ್ ಇರುವುದಿಲ್ಲ ಎಂಬುದು ನಿಮಗೆ ಗೊತ್ತೆ? ಅಲ್ಲಿ ಗಾಳಿಯನ್ನು ಬಲವಾಗಿ ಅದುಮಿದಾಗ ಹುಟ್ಟುವ ಶಾಖಕ್ಕೇ ಡೀಸೆಲ್ ಹೊತ್ತಿಕೊಳ್ಳುತ್ತದೆ. ಪೆಟ್ರೋಲಿಗೆ ಮಾತ್ರ ಕಿಡಿ ಬೇಕು. ಅಮೆರಿಕದಲ್ಲಿ ಹಿಂಬದಿಗೆ ತೆರೆದ ತೊಟ್ಟಿಯಿರುವ ಪಿಕಪ್ ವಾಹನವನ್ನೂ ‘ಟ್ರಕ್’ ಎಂದೇ ಕರೆಯುತ್ತಾರೆ. ಅವುಗಳಲ್ಲಿ ಬಹಳಷ್ಟು ಪೆಟ್ರೋಲಿನಿಂದ ಓಡುತ್ತವೆ. ಅಂಥ ಒಂದು ಟ್ರಕ್ಕಿನ ಪ್ಲಗ್ ಆ ದೇಶದ ಮೆಕ್ಯಾನಿಕ್ಕುಗಳಿಗೆ ದೊಡ್ಡ ತಲೆನೋವಾಯಿತು.

ಅದು ಫೋರ್ಡ್ ಕಂಪನಿಯ ಎಫ್-150. 2004ರ ಮಾದರಿಯಿಂದ ಅದರಲ್ಲಿ 5.4 ಲೀಟರಿನ, 8 ಸಿಲಿಂಡರಿನ ಹೊಸ ಎಂಜಿನ್ ಬಂತು. ಅದರ ಪ್ಲಗ್ ಸಾಮಾನ್ಯ ಪ್ಲಗ್ಗಿನಂತೆ ಒಂದೇ ತುಂಡಿನದಲ್ಲ. ಎರಡು ಭಾಗಗಳನ್ನು ಸೇರಿಸಿ ಮಾಡಿದ್ದು. ಥ್ರೆಡ್ಡಿನ ಕೆಳಗೆ ಉದ್ದನೆಯ, ತೆಳುವಾದ ಉಕ್ಕಿನ ಕೊಳವೆ. ಕೊಳವೆಗೂ ಅದು ಕೂರುವ ರಂಧ್ರಕ್ಕೂ ನಡುವೆ ಕೂದಲೆಳೆಯಷ್ಟು ಜಾಗ. ಪೆಟ್ರೋಲ್ ಉರಿದಾಗ ಉಳಿಯುವ ಇಂಗಾಲ ಆ ಸಂದಿಯಲ್ಲಿ ಪದರಪದರವಾಗಿ ಗಟ್ಟಿಯಾಗುತ್ತದೆ. ಪ್ಲಗ್ ಬದಲಿಸಬೇಕಾದದ್ದು ಸುಮಾರು 1,60,000 ಕಿಲೋಮೀಟರ್ ಓಡಿದ ಮೇಲೆ. ಅಷ್ಟರಲ್ಲಿ ಕೊಳವೆ ಗಾರೆ ಹಾಕಿದಂತೆ ಭದ್ರವಾಗಿರುತ್ತದೆ! ಜೋರಾಗಿ ತಿರುಗಿಸಿದರೆ ಮೇಲಿನ ಭಾಗ ಕೈಗೆ ಬರುತ್ತದೆ, ಕೊಳವೆ ಒಳಗೇ ಉಳಿಯುತ್ತದೆ. ಚೂರು ಸಿಲಿಂಡರಿನೊಳಗೆ ಬಿದ್ದರೆ ಪಿಸ್ಟನ್ ಕೆಡುವ ಅಪಾಯ. ಹೆಡ್ ಬಿಚ್ಚಬೇಕಾಗಿ ಬಂದರೆ ಪ್ಲಗ್ಗಿನ ಬೆಲೆಗಿಂತ ಎಷ್ಟೋ ಪಟ್ಟು ಕೂಲಿ.

‘ಎಂಜಿನ್ ಬಿಸಿಯಿದ್ದಾಗ ತಿರುಗಿಸಿದರೆ ಸುಲಭವಲ್ಲವೆ?’ ಎಂದು ಜಾಣ ವಿದ್ಯಾರ್ಥಿ ಕೇಳಬಹುದು. ಒಂದೇ ಶಾಖಕ್ಕೆ ಅಲ್ಯೂಮಿನಿಯಂ ಉಕ್ಕಿನ ಸುಮಾರು ಎರಡರಷ್ಟು ಹಿಗ್ಗುತ್ತದೆ. ಬಾಟಲಿಯ ಮುಚ್ಚಳಕ್ಕೆ ಬಿಸಿನೀರು ಹಾಕಿ ತೆಗೆಯುವುದೂ ಲೋಹ ಹಿಗ್ಗುವ ಇದೇ ಗುಣದಿಂದ. ಆದರೆ ಬಿಸಿಯಾದ ಅಲ್ಯೂಮಿನಿಯಂ ಮೆದುವೂ ಆಗುತ್ತದೆ. ಉಕ್ಕಿನ ಪ್ಲಗ್ ಹೊರಬರುವಾಗ ಹೆಡ್ಡಿನ ಥ್ರೆಡ್ಡನ್ನೇ ಕಿತ್ತು ತರಬಹುದು. ಇಂಗಾಲವಂತೂ ಆ ಬಿಸಿಗೆ ಕರಗದು. ಆದ್ದರಿಂದಲೇ 2008ರಲ್ಲಿ ಕಂಪನಿ ಹೊರಡಿಸಿದ ತಾಂತ್ರಿಕ ಸೂಚನೆಯ ಮೊದಲ ಮಾತು: ಎಂಜಿನ್ ಪೂರ್ತಿ ತಣಿಯಲಿ.

ಮುಂದಿನ ಕ್ರಮ ಹೀಗಿದೆ. ಪ್ಲಗ್ಗಿನ ಸುತ್ತಲಿನ ಧೂಳನ್ನು ಗಾಳಿ ಬಿಟ್ಟು ತೆಗೆಯಬೇಕು. ಪ್ಲಗ್ಗನ್ನು ಒಂದು ಸುತ್ತಿನ ಎಂಟನೆಯ ಒಂದು ಭಾಗದಷ್ಟು ಮಾತ್ರ ಸಡಿಲಿಸಬೇಕು. ಚಮಚಕ್ಕೂ ಕಡಿಮೆ ಕಾರ್ಬ್ಯುರೇಟರ್ ಕ್ಲೀನರನ್ನು ಗುಳಿಗೆ ಹಾಕಿ ಕನಿಷ್ಠ 15 ನಿಮಿಷ ಕಾಯಬೇಕು. ದೀಪದ ಬತ್ತಿಗೆ ಎಣ್ಣೆ ಏರುವಂತೆ ದ್ರವ ತಾನಾಗಿ ಸಂದಿಗಳಲ್ಲಿ ಹರಿದು ಇಂಗಾಲವನ್ನು ಮೆತ್ತಗಾಗಿಸುತ್ತದೆ. ಬಳಿಕ ಬಿಗಿ, ಸಡಿಲ, ಬಿಗಿ, ಸಡಿಲ ಎಂದು ಹಿಂದೆ ಮುಂದೆ ಆಡಿಸುತ್ತಾ ಬಿಡಿಸಬೇಕು. ಬಲದ ಮಿತಿ ಸುಮಾರು 45 ನ್ಯೂಟನ್ ಮೀಟರ್. ಎಂದರೆ 30 ಸೆಂಟಿಮೀಟರ್ ಉದ್ದದ ಪಾನಾದ ತುದಿಯಲ್ಲಿ ಸುಮಾರು 15 ಕಿಲೋ ತೂಗಿದಷ್ಟು. ಪಾನಾಗೆ ಪೈಪು ಸಿಕ್ಕಿಸಿ ಉದ್ದವನ್ನು ಎರಡರಷ್ಟು ಮಾಡಿದರೆ ಅದೇ ಕೈ ಎರಡರಷ್ಟು ತಿರುಗುಬಲ ಕೊಡುತ್ತದೆ. ಪ್ಲಗ್ ಮುರಿಯುವುದು ಹೀಗೆಯೇ!

ಎಷ್ಟು ಎಚ್ಚರ ವಹಿಸಿದರೂ ಮುರಿದರೆ? ಅದಕ್ಕೂ ಉಪಕರಣವಿದೆ. ಒಳಗಿನ ಪಿಂಗಾಣಿಯನ್ನು ಮೊದಲು ಕೆಳಗೆ ತಳ್ಳಿ ಜಾಗ ಮಾಡುತ್ತಾರೆ. ಕೊಳವೆಯ ಒಳಮೈಗೆ ಥ್ರೆಡ್ ಕೊರೆಯುವ ಉಪಕರಣವನ್ನು ಇಳಿಸುತ್ತಾರೆ. ಲೋಹದ ಪುಡಿ ಒಳಗೆ ಬೀಳದಂತೆ ಅದಕ್ಕೆ ಗ್ರೀಸು ಬಳಿದಿರುತ್ತಾರೆ. ಆಮೇಲೆ ನಟ್ಟನ್ನು ತಿರುಗಿಸಿದಂತೆ ಕೊಳವೆ ನೇರವಾಗಿ ಮೇಲೆ ಬರುತ್ತದೆ. ತಿರುಪಿನ ತತ್ತ್ವವೇ ಅಲ್ಲಿಯೂ ಕೆಲಸ ಮಾಡುತ್ತದೆ. ಹೊಸ ಪ್ಲಗ್ ಹಾಕುವಾಗ ಅದರ ಕೊಳವೆಗೆ ನಿಕ್ಕಲ್ ಬೆರೆತ ಲೇಪ ಹಚ್ಚುವುದು ಮುಂದಿನ ಸಲ ಅಂಟದಿರಲೆಂದು. ಕೊನೆಗೆ ಕಂಪನಿ ಎಂಜಿನ್ನಿನ ಹೆಡ್ಡನ್ನೂ ಪ್ಲಗ್ಗನ್ನೂ ಬೇರೆ ವಿನ್ಯಾಸಕ್ಕೆ ಬದಲಿಸಿತು.

ಇಲ್ಲಿ ರಟ್ಟೆಯ ಬಲ ಸೋತದ್ದಕ್ಕೆ ಕಾರಣ ಸ್ಪಷ್ಟ. ಹಿಡಿದುಕೊಂಡಿದ್ದುದು ಥ್ರೆಡ್ ಮಾತ್ರವಲ್ಲ, ಇಂಗಾಲ. ಯಾವುದು ಹಿಡಿದಿದೆ ಎಂದು ತಿಳಿದ ಮೇಲೆ ಒಂದು ಚಮಚ ದ್ರವ ಮತ್ತು ಕಾಲು ಗಂಟೆ ಸಾಕಾಯಿತು.

ಮಕ್ಕಳೇ, ಮನೆಯಲ್ಲಿ ತುಕ್ಕು ಹಿಡಿದ ನಟ್ಟು ಬೋಲ್ಟು ಇದ್ದರೆ ಹಿರಿಯರ ಜೊತೆ ಕೂತು ಪರೀಕ್ಷಿಸಿ. ಒಂದನ್ನು ಹಾಗೆಯೇ ತಿರುಗಿಸಿ. ಅಂಥದ್ದೇ ಇನ್ನೊಂದಕ್ಕೆ ಎರಡು ಹನಿ ಸೀಮೆಎಣ್ಣೆ ಬಿಟ್ಟು ಒಂದು ರಾತ್ರಿ ಕಾದು ತಿರುಗಿಸಿ. ವ್ಯತ್ಯಾಸ ನಿಮ್ಮ ಕೈಗೇ ತಿಳಿಯುತ್ತದೆ.