ವಿಚ್ಛೇದನವೂ ವಿನೋದವೂ

ಕಳೆದ ದಸರಾ ರಜೆಗೆ ಮುಂಚೆ ಒಂದು ರಾತ್ರಿ ನಮ್ಮ ಹಾಸ್ಟೆಲಿನ ಕೋಣೆಯಲ್ಲಿ ನಾವು ನಾಲ್ವರು ಗೆಳತಿಯರು ಒಂದೇ ಫೋನಿನ ಮುಂದೆ ತಲೆಗೆ ತಲೆ ತಾಗಿಸಿ ಕುಳಿತು, ಅಮೆರಿಕದ ಹಾಸ್ಯಗಾರ್ತಿಯೊಬ್ಬಳ ಪ್ರದರ್ಶನವನ್ನು ನೋಡಿದೆವು. ರಂಗದ ಮೇಲೆ ಆಕೆ ಒಬ್ಬಳೇ. ಹಾಡಿಲ್ಲ, ವೇಷವಿಲ್ಲ, ಜೊತೆಗಾರರಿಲ್ಲ. ಕೈಯಲ್ಲಿ ಮೈಕು, ಎದುರಿಗೆ ತುಂಬಿದ ಸಭೆ. ಸುಮಾರು ಒಂದು ಗಂಟೆಯ ಕಾಲ ಆಕೆ ಹೇಳಿದ್ದು, ಗಂಡನಿಂದ ಬೇರೆಯಾದ ಮೇಲೆ ತನ್ನ ಬಾಳು ಹೇಗೆ ನಡೆದಿದೆ ಎಂಬುದನ್ನು. ಸಭೆ ಬಿದ್ದು ಬಿದ್ದು ನಗುತ್ತಿತ್ತು. ಗೆಳತಿಯರು ನಕ್ಕರು. ನಾನೂ ನಕ್ಕೆ. ಆದರೆ ಒಂದು ಕಡೆ ನನ್ನ ನಗು ತಟ್ಟನೆ ನಿಂತುಹೋಯಿತು. ಏಕೆಂಬುದನ್ನು ಮುಂದೆ ಹೇಳುತ್ತೇನೆ.

ಆಕೆಯ ಹೆಸರು ಆಲಿ ವಾಂಗ್. 1982ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ನಗರದಲ್ಲಿ ಹುಟ್ಟಿದವಳು. ತಂದೆ ಚೀನೀ ಮನೆತನದವರು, ತಾಯಿ ವಿಯೆಟ್ನಾಮಿನಿಂದ ಬಂದವರು. ಪ್ರದರ್ಶನದ ಹೆಸರು ‘ಸಿಂಗಲ್ ಲೇಡಿ’. 2024ರ ಅಕ್ಟೋಬರಿನಲ್ಲಿ ನೆಟ್‌ಫ್ಲಿಕ್ಸಿನಲ್ಲಿ ಬಂದ ಇದಕ್ಕೆ 2025ರ ಜನವರಿಯಲ್ಲಿ ಗೋಲ್ಡನ್ ಗ್ಲೋಬ್ ಬಹುಮಾನವೂ ದೊರೆಯಿತು. ಇಷ್ಟು ಹೇಳಿ ಬಿಟ್ಟರೆ ಕಥೆಯ ಅರ್ಧವನ್ನೇ ಹೇಳಿದಂತಾಗುತ್ತದೆ. ಈಕೆ ತನ್ನ ಸಂಸಾರವನ್ನು ಮೊದಲಿನಿಂದಲೂ ಸಭೆಯ ಮುಂದೆ ಇಟ್ಟವಳೇ. 2016ರ ‘ಬೇಬಿ ಕೋಬ್ರಾ’ದಲ್ಲಿ ಏಳು ತಿಂಗಳ ತುಂಬುಗರ್ಭಿಣಿಯಾಗಿ ರಂಗದ ಮೇಲೆ ನಿಂತಿದ್ದಳು, 2018ರ ಎರಡನೆಯ ಪ್ರದರ್ಶನಕ್ಕೂ ಹಾಗೆಯೇ, ಎರಡನೆಯ ಮಗುವನ್ನು ಹೊತ್ತು ಬಂದಳು. 2022ರ ಮೂರನೆಯದರಲ್ಲಿ ದಾಂಪತ್ಯದ ಬೇಸರವೇ ವಸ್ತು. ಅದು ಬಂದು ಎರಡು ತಿಂಗಳಿಗೆಲ್ಲ ಗಂಡ ಹೆಂಡಿರು ಬೇರೆಯಾದ ಸುದ್ದಿ ಬಂತು. ನಾಲ್ಕನೆಯದೇ ಈ ‘ಸಿಂಗಲ್ ಲೇಡಿ’.

ಮೊದಲ ಪ್ರದರ್ಶನದ ಒಂದು ವಿನೋದ ನನಗೆ ಬಹಳ ಹಿಡಿಸಿತು. ಹಾರ್ವರ್ಡಿನಲ್ಲಿ ಓದಿದ ವರನೆಂದು ತಾನು ಬಲೆ ಬೀಸಿ ಹಿಡಿದಳಂತೆ. ಮದುವೆಯಾದ ಮೇಲೆ ನೋಡಿದರೆ ಅವನ ತಲೆಯ ಮೇಲೆ 70,000 ಡಾಲರು ವಿದ್ಯಾಭ್ಯಾಸದ ಸಾಲ! ಅದನ್ನು ತೀರಿಸಿದವಳು ತಾನು. ಹಾಗಾದರೆ ಬಲೆಗೆ ಬಿದ್ದವರು ಯಾರು? ಓದಿಗಾಗಿ ಸಾಲ ಮಾಡುವ ಮನೆಯಿಂದ ಬಂದವರಿಗೆ ಈ ನಗು ಬೇಗ ತಲುಪುತ್ತದೆ. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೇ ಮೊದಲು. ನಮ್ಮಪ್ಪ ಮಾರುಕಟ್ಟೆಯ ಅಂಗಳದಲ್ಲಿ ಮೂಟೆ ಹೊರುವವರು.

ಆಕೆಯ ಮಾತು ಬಹಳ ಒರಟು ಎಂಬುದನ್ನು ಒಪ್ಪಲೇಬೇಕು. ಅರ್ಧಕ್ಕರ್ಧ ಈ ಸಂಚಿಕೆಯಲ್ಲಿ ಅಚ್ಚಾಗತಕ್ಕದ್ದಲ್ಲ. ನಾನೂ ಕೆಲವು ಕಡೆ ಫೋನಿನಿಂದ ಮುಖ ತಿರುಗಿಸಿದೆ. ಆದರೆ ಕೋಣೆಯ ಗೆಳತಿಯೊಬ್ಬಳು ಎತ್ತಿದ ಆಕ್ಷೇಪಣೆ ಅದಲ್ಲ. “ಮುರಿದ ಸಂಸಾರವನ್ನು ನಾಲ್ಕು ಜನರ ಮುಂದೆ ಹರಡಿಕೊಂಡು ನಗುವುದೇ? ನಮ್ಮಲ್ಲಿ ಇದು ನಡೆಯಲ್ಲಮ್ಮ” ಎಂದಳು. ನಮ್ಮಲ್ಲಿ ನಿಜವಾಗಿಯೂ ನಡೆಯುವುದಿಲ್ಲವೇ? ಗಣೇಶನ ಹಬ್ಬದ ಪೆಂಡಾಲಿನಲ್ಲಿ ನಡೆಯುವ ನಗೆಸಂಜೆಗಳನ್ನು ನೆನಪಿಸಿಕೊಳ್ಳಿ. ಹೆಂಡತಿಯ ಅಡುಗೆ, ಹೆಂಡತಿಯ ಸಿಟ್ಟು, ಹೆಂಡತಿಯ ತೌರುಮನೆಯವರು: ಇವಿಲ್ಲದೆ ಎಷ್ಟು ಭಾಷಣಗಳು ಮುಗಿದಾವು? ಮುಂದಿನ ಸಾಲಿನಲ್ಲಿ ಕುಳಿತ ಹೆಂಗಸರೇ ಸೆರಗು ಬಾಯಿಗೆ ಹಿಡಿದು ನಗುತ್ತಾರೆ. ಇನ್ನು ಗಂಡನ ಮನೆಯಿಂದ ತಿರುಗಿ ಬಂದವಳ ವಿಷಯವಾದರೋ, ಹಿಟ್ಟಿನ ಗಿರಣಿಯಲ್ಲಿ, ನಲ್ಲಿಯ ಹತ್ತಿರ, ಬಸ್ಸಿನಲ್ಲಿ ಪ್ರತಿನಿತ್ಯವೂ ಪ್ರದರ್ಶನ ನಡೆದೇ ಇದೆ. ಟಿಕೇಟಿಲ್ಲ, ಅಷ್ಟೆ. ಆ ಪ್ರದರ್ಶನದಲ್ಲಿ ಮಾತಾಡುವವರು ಎಲ್ಲರೂ ಇರುತ್ತಾರೆ, ಕಥೆ ಯಾರದೋ ಅವಳೊಬ್ಬಳನ್ನು ಬಿಟ್ಟು. ಆಲಿ ವಾಂಗ್ ಮಾಡಿದ್ದು ಇಷ್ಟೇ ಎಂದು ನನಗೆ ತೋರುತ್ತದೆ: ಊರವರು ಆಡಿಕೊಳ್ಳುವ ಮೊದಲು ಮೈಕನ್ನು ತಾನೇ ಹಿಡಿದಳು.

ಈಗ ನನ್ನ ನಗು ನಿಂತ ಕಾರಣ. ತಾನು ಬೇರೆಯಾದ ಸುದ್ದಿ ಪತ್ರಿಕೆಗಳಲ್ಲಿ ಬಂದಾಗ ಆಕೆಗೆ ಮೊದಲು ನಾಚಿಕೆಯಾಯಿತಂತೆ; ಆಮೇಲೆ ನೋಡಿದರೆ ಆ ಸುದ್ದಿಯೇ ಡಂಗುರ ಹೊಡೆದಂತಾಗಿ ಗಂಡಸರು ತಾವಾಗಿಯೇ ಬರತೊಡಗಿದರಂತೆ. ಸಭೆ ಚಪ್ಪಾಳೆ ತಟ್ಟಿತು. ನನಗೆ ನಮ್ಮ ಅಕ್ಕನ ನೆನಪಾಯಿತು. ಅವಳ ಸುದ್ದಿಯೂ ಪತ್ರಿಕೆಯಲ್ಲಿ ಬಂದಿತ್ತು.

ಅಕ್ಕ ಮದುವೆಯಾದ ವರ್ಷ ಆಷಾಢಕ್ಕೆಂದು ತೌರಿಗೆ ಬಂದವಳು. ಕರೆದುಕೊಂಡು ಹೋಗಲು ಯಾರೂ ಬರಲಿಲ್ಲ. ಭಾವ ಮನೆ ಬದಲಾಯಿಸಿದರು, ಫೋನಿನ ನಂಬರು ಬದಲಾಯಿಸಿದರು. 1955ರ ಹಿಂದೂ ವಿವಾಹ ಕಾಯಿದೆಗೆ 1976ರಲ್ಲಿ ಆದ ತಿದ್ದುಪಡಿಯ ಪ್ರಕಾರ, ಎರಡು ವರ್ಷಕ್ಕೆ ಕಡಿಮೆಯಿಲ್ಲದಂತೆ ತೊರೆದುಹೋದರೆ ವಿಚ್ಛೇದನ ಕೇಳಬಹುದು. ಆದ್ದರಿಂದ ಎರಡು ವರ್ಷ ಸುಮ್ಮನೆ ಕಾದದ್ದಾಯಿತು. ಆಮೇಲೆ ಕೋರ್ಟು. ಸಮನ್ಸು ಮುಟ್ಟದೆ ಎರಡು ಸಲ ಹಿಂದಕ್ಕೆ ಬಂದ ಮೇಲೆ ನೋಟೀಸನ್ನು ಪತ್ರಿಕೆಯಲ್ಲಿ ಪ್ರಕಟಿಸಬೇಕೆಂದು ಆದೇಶವಾಯಿತು. ಪ್ರಕಟವಾದ ದಿನ ನಮ್ಮಪ್ಪ ನಸುಕಿನಲ್ಲೇ ಎದ್ದು ಹೋಗಿ, ಊರಿನ ಹೋಟೆಲಿಗೆ ಬರುವ ಆ ಪತ್ರಿಕೆಯ ಎರಡು ಪ್ರತಿಗಳನ್ನೂ ಕೊಂಡು ತಂದರು. ಒಂದು ವಕೀಲರಿಗೆ, ಒಂದು ಒಲೆಗೆ. ಪತ್ರಿಕೆ ಓದುವವರು ಪಕ್ಕದ ಊರಿನಲ್ಲೂ ಇದ್ದಾರೆಂಬುದು ಅವರಿಗೆ ಹೊಳೆಯಲಿಲ್ಲವೋ, ಹೊಳೆದರೂ ಕೈಲಾದಷ್ಟು ಮಾಡೋಣವೆಂದುಕೊಂಡರೋ ತಿಳಿಯದು. ಇದನ್ನು ಬರೆಯುವಾಗ ನನಗೆ ನಗುವೂ ಬರುತ್ತದೆ, ಅಳುವೂ ಬರುತ್ತದೆ.

ಭಾವ ಬರಲೇ ಇಲ್ಲ. “ಎಕ್ಸ್‌ಪಾರ್ಟಿ ಆಯ್ತಮ್ಮ” ಎಂದರು ವಕೀಲರು. ಎದುರಿನವರು ಹಾಜರಾಗದೆ ಒಬ್ಬರ ಮಾತಿನ ಮೇಲೆ ಆಗುವ ತೀರ್ಪು ಎಂದು ಅರ್ಥ. ಈ ಬಗೆಯ ಹಾಸ್ಯವೂ ಹಾಗೆಯೇ ಅಲ್ಲವೇ ಎಂಬುದು ನನ್ನ ಒಂದು ಶಂಕೆ. ರಂಗದ ಮೇಲೆ ಹೆಂಡತಿ ಇದ್ದಾಳೆ, ಗಂಡನಿಲ್ಲ. ಅವನ ಉತ್ತರವನ್ನು ಯಾರು ಕೇಳಿದರು? ಆಲಿ ವಾಂಗಳ ಮಟ್ಟಿಗೆ ಈ ಆಕ್ಷೇಪಣೆ ಪೂರ್ತಿ ನಿಲ್ಲುವುದಿಲ್ಲ. 2019ರಲ್ಲಿ ಆಕೆ ತನ್ನ ಹೆಣ್ಣುಮಕ್ಕಳಿಗೆ ಕಾಗದ ಬರೆದ ರೂಪದಲ್ಲಿ ಪ್ರಕಟಿಸಿದ ‘ಡಿಯರ್ ಗರ್ಲ್ಸ್’ ಪುಸ್ತಕದ ಕೊನೆಯಲ್ಲಿ ಗಂಡನ ಬರೆಹವೂ ಉಂಟು. ಬೇರೆಯಾದ ಮೇಲೂ ಅವರು ಸ್ನೇಹಿತರಾಗಿಯೇ ಇದ್ದಾರೆ. ಆದರೆ ಆ ಹೆಣ್ಣುಮಕ್ಕಳಿಬ್ಬರು ದೊಡ್ಡವರಾಗಿ ‘ಸಿಂಗಲ್ ಲೇಡಿ’ಯನ್ನು ನೋಡುವ ದಿನ ಏನೆಂದಾರು? ಇದಕ್ಕೆ ನನ್ನಲ್ಲಿ ಉತ್ತರವಿಲ್ಲ.

ಗೆಳತಿ ಇನ್ನೊಂದು ಮಾತೆಂದಳು: “ದುಡ್ಡಿದ್ದವರು ನಗಬಹುದು ಬಿಡೇ.” ಇದು ತಳ್ಳಿಹಾಕುವ ಮಾತಲ್ಲ. ಗಂಡನ ಸಾಲ ತೀರಿಸಬಲ್ಲ ಸಂಪಾದನೆ ಇದ್ದವಳು ವಿಚ್ಛೇದನವನ್ನು ಬಿಡುಗಡೆ ಎನ್ನುವುದು ಸುಲಭ. ಆದರೂ ಇಂಗ್ಲೆಂಡಿನ ಸಾರಾ ಮಿಲಿಕನ್ ಎಂಬವಳ ಕಥೆ ಇದಕ್ಕೆ ಪ್ರತಿಯಾಗಿ ನಿಲ್ಲುತ್ತದೆ. ಸೌತ್ ಶೀಲ್ಡ್ಸ್ ಎಂಬ ಊರಿನವಳು. ತಂದೆ ಕಲ್ಲಿದ್ದಲ ಗಣಿಯಲ್ಲಿ ದುಡಿದವರು. ಉದ್ಯೋಗ ವಿನಿಮಯ ಕಚೇರಿಯಂಥ ಕಡೆ ಸಣ್ಣ ಸರ್ಕಾರಿ ನೌಕರಿ. 2004ರಲ್ಲಿ, 29ನೆಯ ವಯಸ್ಸಿಗೆ, ಮದುವೆ ಮುರಿದು ತೌರಿಗೆ ಬಂದಳು. ಅದುವರೆಗೆ ಹಾಸ್ಯದ ರಂಗವನ್ನೇ ಹತ್ತದವಳು ಆ ಸಂಕಟವನ್ನೇ ಮಾತಾಗಿ ಕಟ್ಟಿ ಹೇಳತೊಡಗಿದಳು. 2008ರಲ್ಲಿ ಎಡಿನ್‌ಬರೋ ಉತ್ಸವದಲ್ಲಿ ಅದೇ ವಸ್ತುವಿನ ಪ್ರದರ್ಶನಕ್ಕೆ ಅತ್ಯುತ್ತಮ ಹೊಸ ಹಾಸ್ಯಗಾರ್ತಿ ಎಂಬ ಪ್ರಶಸ್ತಿ ಪಡೆದಳು. ಈಕೆಗೆ ಹಣ ಬಂದದ್ದು ನಗೆಯಿಂದ. ಹಣ ಬಂದ ಮೇಲೆ ನಗೆ ಬಂದದ್ದಲ್ಲ. ಆದರೆ ತಿರುಗಿ ಬರಲು ತಂದೆಯ ಮನೆಯ ಬಾಗಿಲು ತೆರೆದಿತ್ತು ಎಂಬುದನ್ನು ಮರೆಯುವಂತಿಲ್ಲ. ನಮ್ಮಪ್ಪನನ್ನು ನಾನು ಎಷ್ಟೇ ಹಾಸ್ಯ ಮಾಡಲಿ, ಅವರು ಒಂದು ದಿನವೂ ಅಕ್ಕನನ್ನು “ಯಾವಾಗ ಹೋಗ್ತೀಯ” ಎಂದು ಕೇಳಿದವರಲ್ಲ.

ಕೇಳುತ್ತಿದ್ದವರು ಊರವರು. ಮೊದಲ ವರ್ಷ ಅವ್ವ “ಆಷಾಢಕ್ಕೆ ಬಂದವಳೆ” ಎಂದಳು. ಶ್ರಾವಣ ಬಂತು, ದೀಪಾವಳಿ ಬಂತು. ಅವ್ವನ ಉತ್ತರ ಬದಲಾಗಲಿಲ್ಲ. ಹೀಗೆ ನಾಲ್ಕು ಆಷಾಢಗಳಾದವು. ತೀರ್ಪಾದ ವಾರ ನಲ್ಲಿಯ ಹತ್ತಿರ ಒಬ್ಬಾಕೆ ಎಲ್ಲರೆದುರಿಗೆ, “ಏನವ್ವ, ಇನ್ನೂ ಇಲ್ಲೇ ಇದ್ದೀಯಾ?” ಎಂದು ಕೇಳಿದಳು. ಅಕ್ಕ ಕೊಡ ಎತ್ತಿ ಸೊಂಟಕ್ಕಿಟ್ಟುಕೊಳ್ಳುತ್ತ, “ಏನ್ ಮಾಡ್ಲಿ ಅತ್ತೆ, ನಮ್ಮನೇಲಿ ಆಷಾಢ ಶುರುವಾಗಿ ನಾಲ್ಕು ವರ್ಷ ಆಯ್ತು. ಈಗ ಕೋರ್ಟ್‌ನೋರೇ ಇದು ಕಾಯಂ ಅಂತ ಬರ್‍ಕೊಟ್ಟವ್ರೆ” ಎಂದಳು. ಒಂದು ಗಳಿಗೆ ಯಾರೂ ಮಾತಾಡಲಿಲ್ಲ. ಆಮೇಲೆ ಕೇಳಿದಾಕೆಯೇ ಮೊದಲು ನಕ್ಕಳು. ನಾನು ಹಿಂದೆ ಬಿಂದಿಗೆ ಹಿಡಿದು ನಿಂತಿದ್ದೆ. ಅಂದಿನಿಂದ ಆ ಪ್ರಶ್ನೆ ನಮ್ಮ ಕಿವಿಗೆ ಬಿದ್ದಿಲ್ಲ. ಬೆನ್ನ ಹಿಂದೆ ಆಡುವವರು ಆಡುತ್ತಿರಬಹುದು.

ಅವಳು ಈಗ ಮನೆಯಲ್ಲಿ ರವಿಕೆ ಹೊಲಿಯುತ್ತಾಳೆ. ಈ ಲೇಖನ ಬರೆಯುವ ಮೊದಲು ಅವಳ ಅಪ್ಪಣೆ ಕೇಳಿದೆ, ಏಕಪಕ್ಷೀಯವಾಗಬಾರದಲ್ಲ. “ಬರಿ. ಆದರೆ ಮಷಿನ್ನಿಗೆ ತಗೊಂಡ ಸಂಘದ ಸಾಲ ತೀರಿಸಿದ್ದನ್ನೂ ಬರಿ” ಎಂದಳು. ಕಳೆದ ಸಂಕ್ರಾಂತಿಗೆ ಕೊನೆಯ ಕಂತು ಕಟ್ಟಿದಳು.